ಕಂಡು ಕಲಿತವರು: ಮದೀನಾದಿಂದ ಬಸ್ರಾದವರೆಗೆ

ಎರಡು ವರ್ಷಗಳ ಹಿಂದೆ ನಮ್ಮ ಬಲ ಮೊಣಕಾಲಿಗೆ ನೋವು ಬಂದಿತ್ತು. ಸುಜೂದಿನಿಂದ ಎದ್ದು ನಿಲ್ಲುವಾಗ ಎಡಗೈಯನ್ನು ಮಾತ್ರ ನೆಲಕ್ಕೂರಿ, ಬಲಗೈಯಿಂದ ಮೊಣಕಾಲನ್ನು ಹಿಡಿದು, ತುಸು ಒಂದು ಬದಿಗೆ ವಾಲಿ ಏಳುವುದು ಅಭ್ಯಾಸವಾಯಿತು. ಕೆಲವು ತಿಂಗಳ ಬಳಿಕ ಒಂದು ದಿನ ಮದ್ರಸದ ಮಕ್ಕಳಿಂದ ನಮಾಝ್ ಮಾಡಿಸಿ ಹಿಂದೆ ನಿಂತು ನೋಡುತ್ತಿದ್ದೆವು. ಏಳೆಂಟು ವರ್ಷದ ಐದಾರು ಹುಡುಗರು ಎಡಗೈಯೂರಿ, ಬಲಗೈಯಿಂದ ಮೊಣಕಾಲು ಹಿಡಿದು, ಒಂದು ಬದಿಗೆ ವಾಲಿ ಏಳುತ್ತಿದ್ದರು. ಅವರ ಮೊಣಕಾಲುಗಳಿಗೆ ಏನೂ ಆಗಿರಲಿಲ್ಲ. ಒಬ್ಬನನ್ನು ಕರೆದು, ಹೀಗೆ ಏಳಬೇಕೆಂದು ಕಲಿಸಿದವರು ಯಾರು ಎಂದು ಕೇಳಿದೆವು. "ನೀವು ಹಾಗೆಯೇ ಏಳುವುದಲ್ಲವಾ ಉಸ್ತಾದ್?" ಎಂದು ಅವನು ನಮ್ಮನ್ನೇ ಕೇಳಿದ.

ಕಿತಾಬು ತೆರೆದು, ಕರಿಹಲಗೆಯಲ್ಲಿ ಬರೆದು, ನಮಾಝಿನ ಫರ್ಝ್‌ಗಳನ್ನೂ ಸುನ್ನತ್‌ಗಳನ್ನೂ ಆ ಮಕ್ಕಳಿಗೆ ನಾವು ಇಡೀ ವರ್ಷ ಕಲಿಸಿದ್ದೆವು. ಕೇಳಿದರೆ ಒಂದೂ ತಪ್ಪದೆ ಒಪ್ಪಿಸುತ್ತಾರೆ. ನಾಲಗೆ ಕಿತಾಬಿನ ಪಾಠವನ್ನು ಕಲಿತಿತ್ತು, ಶರೀರ ನಮ್ಮ ಮೊಣಕಾಲಿನ ಪಾಠವನ್ನು ಕಲಿತಿತ್ತು. ಆ ದಿನ ನಕ್ಕು ತಿದ್ದಿದೆವು. ಮನೆಗೆ ಮರಳಿದ ಮೇಲೆ ಸಹೀಹುಲ್ ಬುಖಾರಿಯ ಒಂದು ವರದಿ ನೆನಪಾಯಿತು. ಅಲ್ಲಿಯೂ ಪ್ರಶ್ನೆಯಿರುವುದು ಸುಜೂದಿನಿಂದ ಏಳುವ ರೀತಿಯ ಬಗ್ಗೆಯೇ. ಆ ವರದಿ ಬಸ್ರಾ ನಗರದ್ದು, ಆದರೆ ಅದರ ಬೇರು ಇರುವುದು ಮದೀನಾದಲ್ಲಿ.

ಪ್ರವಾದಿ(ಸ)ರ ಬದುಕಿನ ಕೊನೆಯ ವರ್ಷಗಳಲ್ಲಿ ಅರೇಬಿಯಾದ ನಾನಾ ಗೋತ್ರಗಳ ಜನರು ಮದೀನಾಕ್ಕೆ ಬರುತ್ತಿದ್ದರು. ಬನೂ ಲೈಸ್ ಗೋತ್ರದ ಮಾಲಿಕ್ ಬಿನ್ ಹುವೈರಿಸ್(ರ) ಹಾಗೆ ಬಂದವರಲ್ಲಿ ಒಬ್ಬರು. ಜೊತೆಗಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಾಯದ ತರುಣರು. ಅವರು ಪ್ರವಾದಿ(ಸ)ರ ಬಳಿ ಇಪ್ಪತ್ತು ರಾತ್ರಿ ಉಳಿದರು. ಪ್ರವಾದಿ(ಸ)ರು ಮೃದು ಹೃದಯದವರೂ ಕರುಣಾಳುಗಳೂ ಆಗಿದ್ದರೆಂದು ಮಾಲಿಕ್(ರ) ನೆನೆಯುತ್ತಾರೆ. ತರುಣರಿಗೆ ಮನೆಯ ನೆನಪು ಕಾಡುತ್ತಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಪ್ರವಾದಿ(ಸ)ರು ಅರಿತರು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದೀರೆಂದು ವಿಚಾರಿಸಿದರು. ಆಮೇಲೆ ತಮ್ಮ ಜನರ ಬಳಿಗೆ ಮರಳಿ ಅವರಿಗೆ ಕಲಿಸುವಂತೆಯೂ, ತಾವು ನಮಾಝ್ ಮಾಡುವುದನ್ನು ಹೇಗೆ ಕಂಡಿದ್ದಾರೋ ಹಾಗೆಯೇ ನಮಾಝ್ ಮಾಡುವಂತೆಯೂ, ಸಮಯವಾದಾಗ ಒಬ್ಬರು ಅದಾನ್ ಕೊಟ್ಟು ಹಿರಿಯರು ಇಮಾಮತ್ ವಹಿಸುವಂತೆಯೂ ಹೇಳಿ ಬೀಳ್ಕೊಟ್ಟರು.

ತಾವು ಹೇಳಿಕೊಟ್ಟಂತೆ ಎಂದು ಪ್ರವಾದಿ(ಸ)ರು ಹೇಳಲಿಲ್ಲ, ಕಂಡಂತೆ ಎಂದು ಹೇಳಿದರು. ಇಪ್ಪತ್ತು ರಾತ್ರಿ ಎಂದರೆ ನೂರು ಫರ್ಝ್ ನಮಾಝ್‌ಗಳು. ಆ ತರುಣರ ಕೈಯಲ್ಲಿ ಪುಸ್ತಕವಿರಲಿಲ್ಲ. ಮರಳುವಾಗ ಕೊಂಡೊಯ್ದದ್ದು ತಮ್ಮ ಕಣ್ಣು ಕಂಡದ್ದನ್ನು.

ಇದು ಆಕಸ್ಮಿಕವಾಗಿ ಆಡಿದ ಮಾತಲ್ಲ, ಪ್ರವಾದಿ(ಸ)ರು ಕಲಿಸಿದ ಬಗೆಯೇ ಅದು ಎಂಬುದಕ್ಕೆ ಮಸ್ಜಿದುನ್ನಬವಿಯ ಮಿಂಬರಿನ ಕಥೆ ಸಾಕ್ಷಿ. ಆ ಮಿಂಬರ್ ಯಾವ ಮರದ್ದೆಂದು ಮುಂದೊಂದು ದಿನ ಜನರಲ್ಲಿ ಚರ್ಚೆ ಬಂದಾಗ ಅವರು ಸಹ್ಲ್ ಬಿನ್ ಸಅದ್(ರ)ರ ಬಳಿ ಹೋಗಿ ಕೇಳಿದರು. ಗಾಬಾ ಎಂಬಲ್ಲಿಯ ಮರದಿಂದ, ಅನ್ಸಾರ್ ಮಹಿಳೆಯೊಬ್ಬರ ಬಡಗಿ ಸೇವಕ ಅದನ್ನು ಮಾಡಿದ್ದೆಂದು ಸಹ್ಲ್(ರ) ಹೇಳಿದರು. ಆದರೆ ಅವರಿಗೆ ಮರಕ್ಕಿಂತ ಹೆಚ್ಚು ನೆನಪಿದ್ದದ್ದು ಮೊದಲ ದಿನದ ದೃಶ್ಯ. ಪ್ರವಾದಿ(ಸ)ರು ಮಿಂಬರನ್ನೇರಿ ಅಲ್ಲಿಯೇ ತಕ್ಬೀರ್ ಹೇಳಿದರು, ಅಲ್ಲಿಯೇ ರುಕೂಅ್ ಮಾಡಿದರು. ಬಳಿಕ ಮುಖ ತಿರುಗಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತ ಕೆಳಗಿಳಿದು ಮಿಂಬರಿನ ಬುಡದಲ್ಲಿ ಸುಜೂದ್ ಮಾಡಿದರು. ಮತ್ತೆ ಮೇಲೇರಿದರು. ನಮಾಝ್ ಮುಗಿದ ಮೇಲೆ ಜನರತ್ತ ತಿರುಗಿ, ಎಲ್ಲರೂ ತಮ್ಮನ್ನು ಅನುಸರಿಸಲಿ, ತಮ್ಮ ನಮಾಝನ್ನು ಕಲಿಯಲಿ ಎಂದೇ ಹೀಗೆ ಮಾಡಿದ್ದೆಂದು ವಿವರಿಸಿದರು. ಹಿಂದಿನ ಸಾಲಿನವನಿಗೂ ಕಾಣಬೇಕು ಎಂಬುದೊಂದೇ ಉದ್ದೇಶ. ಇಂದು ಮಿಂಬರ್ ಎಂದರೆ ನಮಗೆ ಭಾಷಣದ ಪೀಠ. ಅದರ ಮೇಲೆ ಮಾಡಿ ತೋರಿಸಿದ ಪಾಠವೂ ನಡೆದಿತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ತೋರಿಸಬೇಕೆಂದು ತೋರಿಸಿದ್ದನ್ನು ಕಲಿಯುವುದು ಒಂದು ಬಗೆ. ಯಾರೂ ತೋರಿಸದಿದ್ದರೂ ಕದ್ದು ನೋಡಿ ಕಲಿಯುವುದು ಇನ್ನೊಂದು. ಮಕ್ಕಳ ಕಲಿಕೆ ಬಹುಪಾಲು ಈ ಎರಡನೆಯದು. ಅಬ್ದುಲ್ಲಾ ಬಿನ್ ಅಬ್ಬಾಸ್(ರ) ಹುಟ್ಟಿದ್ದು ಹಿಜ್ರಾಕ್ಕಿಂತ ಮೂರು ವರ್ಷ ಮೊದಲು. ಅವರ ತಾಯಿಯ ಸಹೋದರಿ ಮೈಮೂನಾ(ರ) ಹಿಜ್ರಿ 7ರಲ್ಲಿ ಪ್ರವಾದಿ(ಸ)ರ ಪತ್ನಿಯಾದರು. ಅದರ ನಂತರದ ಒಂದು ರಾತ್ರಿ ಬಾಲಕ ಅಬ್ದುಲ್ಲಾ ಆ ಮನೆಯಲ್ಲಿ ತಂಗಿದ್ದರು. ದಂಪತಿಗಳು ತಲೆಗಿಂಬಿನ ಉದ್ದಕ್ಕೆ ತಲೆಯಿಟ್ಟು ಮಲಗಿದರೆ, ಬಾಲಕ ಅದರ ಅಗಲದ ಬದಿಗೆ ತಲೆಯಿಟ್ಟು ಮಲಗಿದ. ಎಷ್ಟು ಚಿಕ್ಕ ಕೋಣೆ, ಎಷ್ಟು ಕಡಿಮೆ ಹಾಸಿಗೆ ಎಂಬುದು ಆ ಒಂದು ವಿವರದಿಂದಲೇ ತಿಳಿಯುತ್ತದೆ. ನಡುರಾತ್ರಿಯ ಹೊತ್ತಿಗೆ ಪ್ರವಾದಿ(ಸ)ರು ಎಚ್ಚರಗೊಂಡು ಕೈಯಿಂದ ಮುಖದ ನಿದ್ದೆಯನ್ನು ಒರೆಸಿಕೊಂಡರು. ಆಲು ಇಮ್ರಾನ್ ಅಧ್ಯಾಯದ ಕೊನೆಯ ಹತ್ತು ವಚನಗಳನ್ನು ಓದಿದರು. ತೂಗುಹಾಕಿದ್ದ ಚರ್ಮದ ಚೀಲದ ನೀರಿನಿಂದ ಚೆನ್ನಾಗಿ ವುಝೂ ಮಾಡಿ ನಮಾಝಿಗೆ ನಿಂತರು.

ಬಾಲಕ ಇದನ್ನೆಲ್ಲ ಮಲಗಿದಲ್ಲಿಂದಲೇ ನೋಡುತ್ತಿದ್ದ. ತಾನು ಗಮನಿಸುತ್ತಿದ್ದೆನೆಂದು ತಿಳಿಯಬಾರದೆಂದು ಆಗಷ್ಟೇ ಎಚ್ಚರವಾದವನಂತೆ ಮೈಮುರಿದು ಎದ್ದೆ ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಎದ್ದು ಪ್ರವಾದಿ(ಸ)ರು ಮಾಡಿದಂತೆಯೇ ಮಾಡಿ ಅವರ ಎಡಬದಿಗೆ ಹೋಗಿ ನಿಂತ. ಪ್ರವಾದಿ(ಸ)ರು ಅವನ ಕಿವಿ ಹಿಡಿದು ಮೆಲ್ಲನೆ ಬಲಬದಿಗೆ ತಂದರು. ಆ ಹೊತ್ತಿನಲ್ಲಿ ಉಪದೇಶದ ಮಾತು ಯಾವುದೂ ಇಲ್ಲ. ಏಳು ಎಂದು ಕರೆದದ್ದೂ ಇಲ್ಲ, ಮಲಗು ಎಂದು ಗದರಿದ್ದೂ ಇಲ್ಲ. ತಿದ್ದಬೇಕಾದ ಒಂದು ತಪ್ಪಿತ್ತು, ಅದನ್ನು ಕೈಯಿಂದ ತಿದ್ದಿದರು. ರಾತ್ರಿಯ ನಮಾಝಿನ ಕುರಿತು ವಿದ್ವಾಂಸರು ಇಂದಿಗೂ ಮುಂದಿಡುವ ಮುಖ್ಯ ಆಧಾರಗಳಲ್ಲೊಂದು, ನಿದ್ದೆಯ ನಟನೆ ಮಾಡುತ್ತಿದ್ದ ಒಬ್ಬ ಹುಡುಗನ ಕಣ್ಣಿನಿಂದ ನಮಗೆ ಬಂದಿದೆ.

ಕೆಲವು ನಮಾಝ್‌ಗಳನ್ನು ಮನೆಯಲ್ಲಿ ಮಾಡಿ, ಮನೆಗಳನ್ನು ಗೋರಿಗಳನ್ನಾಗಿಸಬೇಡಿ ಎಂಬ ಪ್ರವಾದಿ(ಸ)ರ ಆದೇಶವನ್ನು ಓದುವಾಗಲೆಲ್ಲ ನಮಗೆ ಈ ಕೋಣೆ ನೆನಪಾಗುತ್ತದೆ. ಫರ್ಝನ್ನು ಮಸೀದಿಯಲ್ಲಿ ಮಾಡಿದ ತಂದೆ ಸುನ್ನತನ್ನೂ ಅಲ್ಲಿಯೇ ಮುಗಿಸಿ ಬಂದರೆ, ಮಸೀದಿಗೆ ಹೋಗದ ಪುಟ್ಟ ಮಗಳು ತನ್ನ ತಂದೆ ನಮಾಝ್ ಮಾಡುವುದನ್ನು ಕಾಣುವುದಾದರೂ ಎಲ್ಲಿ? ಅವಳು ಕಾಣುವುದು ಊಟ ಮಾಡುವ ತಂದೆಯನ್ನು, ಮೊಬೈಲ್ ನೋಡುವ ತಂದೆಯನ್ನು.

ಆ ಕಾಲದ ಇನ್ನೊಂದು ಮನೆಯಲ್ಲಿ ಅಬ್ದುಲ್ಲಾ ಬಿನ್ ಆಮಿರ್(ರ) ಆಗ ಚಿಕ್ಕ ಹುಡುಗ. ಪ್ರವಾದಿ(ಸ)ರು ಅವರ ಮನೆಯಲ್ಲಿ ಕುಳಿತಿದ್ದಾಗ ತಾಯಿ, ಬಾ, ಏನೋ ಕೊಡುತ್ತೇನೆ ಎಂದು ಮಗನನ್ನು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ(ಸ)ರು ಕೇಳಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದೆ ಹೋಗಿದ್ದರೆ ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ದಾಖಲಾಗುತ್ತಿತ್ತು ಎಂದು ಪ್ರವಾದಿ(ಸ)ರು ತಿಳಿಸಿದರು. ಅಬ್ಬ ಮನೆಯಲ್ಲಿಲ್ಲ ಎಂದು ಹೇಳು ಎಂದು ಮಗುವಿನ ಕೈಗೇ ಫೋನ್ ಕೊಡುವ ನಾವು ಆ ದಾಖಲೆಯ ಪುಸ್ತಕ ಎಷ್ಟು ತುಂಬಿರಬಹುದೆಂದು ಯೋಚಿಸುವುದಿಲ್ಲ. ಸುಳ್ಳು ಹೇಳಬಾರದು ಎಂಬ ಪಾಠವನ್ನು ಆ ಮಗು ಮದ್ರಸದಲ್ಲಿ ಓದಿರುತ್ತದೆ, ಪರೀಕ್ಷೆಯಲ್ಲಿ ಬರೆದೂ ಇರುತ್ತದೆ. ಅದೇ ಎಡಗೈ, ಅದೇ ಮೊಣಕಾಲು!

ಕಣ್ಣು ಕಲಿಯುವಾಗ ಕಾರಣ ಕೇಳುವುದಿಲ್ಲ. ಸಹಾಬಿಗಳ ಬದುಕಿನಲ್ಲಿಯೇ ಇದಕ್ಕೆ ಎರಡು ಘಟನೆಗಳಿವೆ. ಪ್ರವಾದಿ(ಸ)ರು ಒಮ್ಮೆ ಚಿನ್ನದ ಉಂಗುರ ಮಾಡಿಸಿಕೊಂಡಿದ್ದರು. ಜನರೂ ಚಿನ್ನದ ಉಂಗುರ ಮಾಡಿಸಿಕೊಂಡರು. ಒಂದು ದಿನ ಅವರು ಅದನ್ನು ಕಳಚಿ ಎಸೆದು, ಇನ್ನೆಂದೂ ತೊಡುವುದಿಲ್ಲವೆಂದರು. ಜನರೂ ತಮ್ಮ ಉಂಗುರಗಳನ್ನು ಕಳಚಿ ಎಸೆದರು. ಎರಡನೆಯ ಘಟನೆ ನಮಾಝಿನಲ್ಲಿ ನಡೆದದ್ದು. ಪ್ರವಾದಿ(ಸ)ರು ನಡುವೆ ಪಾದರಕ್ಷೆಗಳನ್ನು ಕಳಚಿ ಎಡಬದಿಗಿಟ್ಟರು. ಅದನ್ನು ಕಂಡು ಹಿಂದೆ ನಿಂತವರೆಲ್ಲರೂ ಕಳಚಿದರು. ನಮಾಝ್ ಮುಗಿದ ಮೇಲೆ ಕಾರಣ ಕೇಳಿದಾಗ, ನೀವು ಕಳಚಿದ್ದನ್ನು ಕಂಡು ನಾವೂ ಕಳಚಿದೆವು ಎಂಬುದೇ ಉತ್ತರ. ತಮ್ಮ ಪಾದರಕ್ಷೆಗೆ ಹೊಲಸು ತಗಲಿದೆಯೆಂದು ಜಿಬ್ರೀಲ್(ಅ) ತಿಳಿಸಿದ್ದರಿಂದ ತಾವು ಕಳಚಿದ್ದೆಂದು ಪ್ರವಾದಿ(ಸ)ರು ವಿವರಿಸಿದರು. ಮಸೀದಿಗೆ ಬರುವವನು ತನ್ನ ಪಾದರಕ್ಷೆಯನ್ನು ನೋಡಿಕೊಂಡು, ಹೊಲಸಿದ್ದರೆ ಒರೆಸಿಕೊಂಡು, ಅದರಲ್ಲಿಯೇ ನಮಾಝ್ ಮಾಡಲಿ ಎಂದು ನಿಯಮವನ್ನು ಬಿಡಿಸಿ ಹೇಳಿದರು. ಅನುಕರಣೆಯ ಹಿಂದಿದ್ದ ಪ್ರೀತಿಯನ್ನು ಅವರು ಆಕ್ಷೇಪಿಸಲಿಲ್ಲ. ಆದರೆ ಕಂಡದ್ದಕ್ಕೆ ಕಾರಣವನ್ನೂ ಜೋಡಿಸಿಕೊಟ್ಟರು. ಉಸ್ತಾದನಾದವನು ಇಲ್ಲಿ ಕಲಿಯಬೇಕಾದದ್ದು ಬಹಳ ಇದೆ.

ಈ ಮಾತನ್ನು ಉಮರ್(ರ) ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದು ಇಮಾಮ್ ಮಾಲಿಕ್(ರಹ್)ರ ಮುವತ್ತಾದಿಂದ ತಿಳಿಯುತ್ತದೆ. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ತಲ್ಹಾ(ರ) ಇಹ್ರಾಮಿನಲ್ಲಿದ್ದಾಗ ಬಣ್ಣದ ಬಟ್ಟೆ ಧರಿಸಿದ್ದನ್ನು ಖಲೀಫರು ಕಂಡರು. ಇದೇನೆಂದು ಕೇಳಿದಾಗ, ಬರಿಯ ಮಣ್ಣಿನ ಬಣ್ಣ ಎಂದು ತಲ್ಹಾ(ರ) ಉತ್ತರಿಸಿದರು. ಸುಗಂಧದ ಬಣ್ಣ ಮಾತ್ರವೇ ನಿಷಿದ್ಧ, ಆದ್ದರಿಂದ ಅವರ ಬಟ್ಟೆಯಲ್ಲಿ ತಪ್ಪಿರಲಿಲ್ಲ. ಉಮರ್(ರ)ರಿಗೂ ಅದು ಗೊತ್ತಿತ್ತು. ಆದರೂ ಬೇಡವೆಂದರು. ನೀವು ಜನರು ಅನುಸರಿಸುವ ನಾಯಕರು, ತಿಳಿಯದವನೊಬ್ಬನು ಈ ಬಟ್ಟೆಯನ್ನು ಕಂಡರೆ ತಲ್ಹಾ ಇಹ್ರಾಮಿನಲ್ಲಿ ಬಣ್ಣದ ಬಟ್ಟೆ ಧರಿಸಿದ್ದರೆಂದು ಹೇಳಿಕೊಂಡು ತಿರುಗುತ್ತಾನೆ ಎಂಬುದು ಅವರ ವಾದ. ನೋಡುವವನಿಗೆ ಮಣ್ಣೂ ಕುಂಕುಮಕೇಸರಿಯೂ ಒಂದೇ ಬಣ್ಣ. ಇತರರು ನೋಡಿ ಕಲಿಯುವ ಸ್ಥಾನದಲ್ಲಿರುವವನಿಗೆ, ತನಗೆ ಅನುಮತಿಯಿದೆ ಎಂಬುದೊಂದೇ ಸಮಜಾಯಿಷಿ ಸಾಲದೆಂದು ಈ ಪ್ರಸಂಗದಿಂದ ನಾವು ತಿಳಿದುಕೊಂಡಿದ್ದೇವೆ.

ಪ್ರವಾದಿ(ಸ)ರಲ್ಲಿ ಉತ್ತಮ ಮಾದರಿಯಿದೆ ಎಂದು ಸಾರುವ ಅಲ್ ಅಹ್ಝಾಬ್ ಅಧ್ಯಾಯದ 21ನೇ ವಚನವನ್ನು ನಾವು ಮದುವೆಯ ಭಾಷಣಗಳಲ್ಲಿಯೂ ಕೇಳುತ್ತೇವೆ. ಆದರೆ ಅದರ ಹಿನ್ನೆಲೆ ಹಿಜ್ರಿ 5ರ ಕಂದಕ ಯುದ್ಧ. ಹಸಿವು, ಚಳಿ, ಮುತ್ತಿಗೆಯ ಭಯ. ಆಗ ಪ್ರವಾದಿ(ಸ)ರು ಸ್ವತಃ ಮಣ್ಣು ಹೊರುತ್ತಿದ್ದರು, ಅವರ ಹೊಟ್ಟೆಯ ಮೇಲಿನ ಚರ್ಮ ಕಾಣದಷ್ಟು ಧೂಳು ಮೆತ್ತಿತ್ತು ಎಂದು ಬರಾ ಬಿನ್ ಆಝಿಬ್(ರ) ಕಂಡದ್ದನ್ನು ಹೇಳಿದ್ದಾರೆ.

ಮರುವರ್ಷ, ಹಿಜ್ರಿ 6ರ ದುಲ್ ಕಅದ್ ತಿಂಗಳಲ್ಲಿ, ಮಾತು ಸೋತು ಕ್ರಿಯೆ ಗೆದ್ದ ದಿನ ಬಂತು. ಸುಮಾರು 1400 ಸಹಾಬಿಗಳು ಉಮ್ರಾಕ್ಕೆಂದು ಇಹ್ರಾಮ್ ಧರಿಸಿ, ಬಲಿಯ ಪ್ರಾಣಿಗಳೊಂದಿಗೆ ಹೊರಟು ಮಕ್ಕಾದ ಸಮೀಪದ ಹುದೈಬಿಯಾದವರೆಗೆ ಬಂದಿದ್ದರು. ಕುರೈಶರು ತಡೆದರು. ಸುಹೈಲ್ ಬಿನ್ ಅಮ್ರ್‌ನೊಂದಿಗೆ ಒಪ್ಪಂದವಾಯಿತು. ಈ ವರ್ಷ ಮರಳಿ ಹೋಗಬೇಕು, ಮುಂದಿನ ವರ್ಷ ಮೂರು ದಿನಗಳಿಗೆ ಬರಬಹುದು. ಮಕ್ಕಾದಿಂದ ಪೋಷಕರ ಅನುಮತಿಯಿಲ್ಲದೆ ಬಂದವನನ್ನು ಹಿಂದಿರುಗಿಸಬೇಕು. ಒಪ್ಪಂದ ಬರೆಯುತ್ತಿರುವಾಗಲೇ ಸುಹೈಲ್‌ನ ಮಗ ಅಬೂ ಜಂದಲ್(ರ) ಕಾಲಿನ ಸಂಕೋಲೆಯನ್ನು ಎಳೆದುಕೊಂಡು ಮುಸ್ಲಿಮರ ನಡುವೆ ಬಂದು ಬಿದ್ದರು. ಅವರನ್ನೂ ಹಿಂದಿರುಗಿಸಬೇಕಾಯಿತು. ಸಹಾಬಿಗಳ ಎದೆ ಒಡೆದಿತ್ತು.

ಆ ಸ್ಥಿತಿಯಲ್ಲಿ ಪ್ರವಾದಿ(ಸ)ರು, ಎದ್ದು ಬಲಿ ನೀಡಿ ತಲೆ ಬೋಳಿಸಿಕೊಳ್ಳಿ ಎಂದು ಆಜ್ಞಾಪಿಸಿದರು. ಒಬ್ಬರೂ ಏಳಲಿಲ್ಲ. ಮೂರು ಸಲ ಹೇಳಿದರು. ಆಗಲೂ ಏಳಲಿಲ್ಲ. ಇವರು ಅವಿಧೇಯರಲ್ಲ, ಪ್ರಾಣ ಕೊಡಲು ಅದೇ ಸ್ಥಳದಲ್ಲಿ ಮರದ ಕೆಳಗೆ ಪ್ರತಿಜ್ಞೆ ಮಾಡಿದವರು. ದುಃಖ ಅವರ ಕಾಲುಗಳನ್ನು ಕಟ್ಟಿಹಾಕಿತ್ತು, ಆಜ್ಞೆ ಬದಲಾಗಬಹುದೆಂಬ ಆಸೆಯೂ ಎಲ್ಲೋ ಉಳಿದಿತ್ತೇನೋ.

ಪ್ರವಾದಿ(ಸ)ರು ಡೇರೆಯೊಳಗೆ ಹೋಗಿ ಪತ್ನಿ ಉಮ್ಮು ಸಲಮಾ(ರ)ರಲ್ಲಿ ನಡೆದುದನ್ನು ಹೇಳಿದರು. ಉಮ್ಮು ಸಲಮಾ(ರ) ಅಬಿಸೀನಿಯಾಕ್ಕೆ ವಲಸೆ ಹೋಗಿ ಬಂದವರು, ಉಹುದ್‌ನ ಗಾಯದಿಂದ ಮೊದಲ ಪತಿಯನ್ನು ಕಳೆದುಕೊಂಡವರು. ಎದೆಯೊಡೆದ ಜನರು ಹೇಗಿರುತ್ತಾರೆಂದು ಬಲ್ಲವರು. ಅವರು ಜನರನ್ನು ದೂರಲಿಲ್ಲ, ಇನ್ನೊಂದು ಭಾಷಣವನ್ನೂ ಸೂಚಿಸಲಿಲ್ಲ. ಹೊರಗೆ ಹೋಗಿ, ಯಾರೊಂದಿಗೂ ಒಂದು ಮಾತನ್ನೂ ಆಡದೆ, ನಿಮ್ಮ ಒಂಟೆಯನ್ನು ನೀವು ಬಲಿ ಕೊಡಿ, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ ಎಂದು ಸಲಹೆಯಿತ್ತರು. ಪ್ರವಾದಿ(ಸ)ರು ಹಾಗೆಯೇ ಮಾಡಿದರು. ಅದನ್ನು ಕಂಡ ಕೂಡಲೇ ಜನರು ಎದ್ದರು, ಬಲಿ ನೀಡಿದರು, ಒಬ್ಬರ ತಲೆಯನ್ನು ಒಬ್ಬರು ಬೋಳಿಸತೊಡಗಿದರು. ದುಃಖದ ಭರದಲ್ಲಿ ಪರಸ್ಪರರನ್ನು ಕೊಂದೇಬಿಡುವರೇನೋ ಎಂಬಂತಿತ್ತು ಎಂದು ವರದಿ ಹೇಳುತ್ತದೆ. ಅವರ ದುಃಖ ಹೋಗಿರಲಿಲ್ಲ. ಆದರೆ ಕಣ್ಣು ಕಂಡದ್ದನ್ನು ಕೈ ಮಾಡಿತು. ಅಲ್ಲಾಹನ ಸಂದೇಶವಾಹಕರೇ ಮೂರು ಸಲ ಹೇಳಿ ಆಗದ್ದು ಒಮ್ಮೆ ಮಾಡಿ ತೋರಿಸಿದಾಗ ಆಯಿತೆಂದರೆ, ಮಗನನ್ನು ಬೆಳಗಿನ ನಮಾಝಿಗೆ ಹಾಸಿಗೆಯಿಂದಲೇ ಕೂಗಿ ಎಬ್ಬಿಸುವ ನಾವು ಯಾರ ಮೇಲೆ ಸಿಟ್ಟಾಗಬೇಕು?

ಈಗ ಬಸ್ರಾಕ್ಕೆ ಬರೋಣ. ಉಮರ್(ರ)ರ ಆಡಳಿತ ಕಾಲದಲ್ಲಿ ಸೇನಾ ನೆಲೆಯಾಗಿ ಹುಟ್ಟಿ ನಗರವಾಗಿ ಬೆಳೆದ ಊರದು. ಪ್ರವಾದಿ(ಸ)ರನ್ನು ಕಂಡಿರದ ತಲೆಮಾರೊಂದು ಅಲ್ಲಿ ಬೆಳೆಯುತ್ತಿತ್ತು. ಮದೀನಾದಲ್ಲಿ ಇಪ್ಪತ್ತು ರಾತ್ರಿ ಕಳೆದಿದ್ದ ಮಾಲಿಕ್ ಬಿನ್ ಹುವೈರಿಸ್(ರ) ಆ ಊರಿನಲ್ಲಿ ನೆಲೆಸಿದ್ದರು. ಒಂದು ದಿನ ಅವರು ಅಬೂ ಕಿಲಾಬಾ(ರಹ್) ಇದ್ದ ಮಸೀದಿಗೆ ಬಂದು, ನಮಾಝ್ ಮಾಡುವುದು ಈಗ ತಮ್ಮ ಉದ್ದೇಶವಲ್ಲ, ಪ್ರವಾದಿ(ಸ)ರು ನಮಾಝ್ ಮಾಡುವುದನ್ನು ತಾವು ಹೇಗೆ ಕಂಡಿದ್ದೆವೆಂದು ತೋರಿಸಬೇಕಾಗಿದೆ ಎಂದರು. ತೋರಿಸಿದರು. ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದರು, ಕಂಡಂತೆ ಮಾಡಿದ್ದರು.

ಆ ನಮಾಝ್ ಹೇಗಿತ್ತೆಂದು ಅಬೂ ಕಿಲಾಬಾರನ್ನು ಕೇಳಿದವರು ಅವರ ಶಿಷ್ಯ ಅಯ್ಯೂಬ್ ಅಸ್ಸಖ್ತಿಯಾನಿ(ರಹ್). ಅಬೂ ಕಿಲಾಬಾ ಮಾತಿನಲ್ಲಿ ವರ್ಣಿಸುವ ಬದಲು ಮಸೀದಿಯ ಒಬ್ಬ ಹಿರಿಯರನ್ನು ತೋರಿಸಿ, ಇಗೋ, ಇವರ ನಮಾಝಿನಂತೆ ಎಂದರು. ಆ ಹಿರಿಯರು ಅಮ್ರ್ ಬಿನ್ ಸಲಿಮಾ. ಅಯ್ಯೂಬ್ ಗಮನಿಸಿ ನೋಡಿದರು. ಎರಡನೆಯ ಸುಜೂದಿನಿಂದ ತಲೆಯೆತ್ತಿದ ಅಮ್ರ್ ನೇರವಾಗಿ ಎದ್ದು ನಿಲ್ಲುತ್ತಿರಲಿಲ್ಲ. ಒಂದು ಕ್ಷಣ ಕುಳಿತು, ನೆಲಕ್ಕೆ ಕೈಯೂರಿ ಏಳುತ್ತಿದ್ದರು. ಬೇರೆಯವರು ಹಾಗೆ ಮಾಡುವುದನ್ನು ತಾನು ಕಂಡಿಲ್ಲವೆಂದೂ ಅಯ್ಯೂಬ್ ಹೇಳಿದ್ದಾರೆ.

ಈ ಒಂದು ಕ್ಷಣದ ಕುಳಿತದ್ದರ ಬಗ್ಗೆ ಇಮಾಮರುಗಳಲ್ಲಿ ಭಿನ್ನಾಭಿಪ್ರಾಯ ಬಂತು. ಇದನ್ನು ಜಲ್ಸತುಲ್ ಇಸ್ತಿರಾಹಾ, ಅಂದರೆ ವಿಶ್ರಾಂತಿಯ ಕೂರುವಿಕೆ ಎನ್ನುತ್ತಾರೆ. ಮಾಲಿಕ್ ಬಿನ್ ಹುವೈರಿಸ್(ರ) ಬಂದದ್ದು ಕೊನೆಯ ವರ್ಷಗಳಲ್ಲಿ, ಆಗ ಪ್ರವಾದಿ(ಸ)ರಿಗೆ ವಯಸ್ಸಾಗಿತ್ತು, ಆ ಕೂರುವಿಕೆ ಶರೀರದ ಅಗತ್ಯವೇ ಹೊರತು ನಮಾಝಿನ ಭಾಗವಲ್ಲ ಎಂಬುದು ಹನಫೀ ವಿದ್ವಾಂಸರ ನಿಲುವು. ಕಂಡಂತೆ ಮಾಡಿ ಎಂಬ ಆಜ್ಞೆಯನ್ನು ಯಾರಿಗೆ ಕೊಡಲಾಯಿತೋ ಅವರೇ ಕಂಡು ತೋರಿಸಿದ್ದಾರೆ, ಆದ್ದರಿಂದ ಅದು ಸುನ್ನತ್ ಎಂಬುದು ಶಾಫಿಈ ವಿದ್ವಾಂಸರ ನಿಲುವು. ಸಮುದ್ರದ ದಾರಿಯಲ್ಲಿ ಅರಬರ ಸಂಪರ್ಕ ಪಡೆದ ನಮ್ಮ ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು, ಘಟ್ಟದ ಮೇಲೆ ಹನಫೀಗಳು ಹೆಚ್ಚು. ಉಳ್ಳಾಲದ ಅಥವಾ ಭಟ್ಕಳದ ಹುಡುಗ ಮೈಸೂರಿನ ಮಸೀದಿಯಲ್ಲಿ ನಮಾಝ್ ಮಾಡಿದಾಗ, ತಾನು ಒಂದು ಕ್ಷಣ ಕುಳಿತು ಏಳುವಷ್ಟರಲ್ಲಿ ಪಕ್ಕದವನು ಆಗಲೇ ಎದ್ದು ನಿಂತಿರುವುದನ್ನು ಕಾಣುತ್ತಾನೆ. ಆ ಒಂದು ಕ್ಷಣ ಬಸ್ರಾದ ಆ ಮಸೀದಿಯಿಂದ ಬಂದದ್ದೆಂದು ಇಬ್ಬರಿಗೂ ಯಾರೂ ಹೇಳಿರುವುದಿಲ್ಲ. ಒಬ್ಬನು ತನ್ನ ತಂದೆಯನ್ನು ನೋಡಿ ಕಲಿತಿದ್ದಾನೆ, ಇನ್ನೊಬ್ಬನು ತನ್ನ ತಂದೆಯನ್ನು.

ಎರಡು ನಿಲುವುಗಳಲ್ಲಿ ತೀರ್ಪು ಕೊಡುವುದು ಇಲ್ಲಿ ನಮ್ಮ ಕೆಲಸವಲ್ಲ. ಆದರೆ ಇದು ಶರೀರದ ಅಗತ್ಯವೋ ಆರಾಧನೆಯ ಭಾಗವೋ ಎಂದು ಬೇರ್ಪಡಿಸಲು ಅಷ್ಟು ದೊಡ್ಡ ವಿದ್ವಾಂಸರು ಇಷ್ಟು ಶ್ರಮಪಟ್ಟಿದ್ದಾರೆಂದರೆ, ನಮ್ಮ ಮದ್ರಸದ ಏಳು ವರ್ಷದ ಹುಡುಗನಿಂದ ಆ ವಿವೇಚನೆಯನ್ನು ಹೇಗೆ ನಿರೀಕ್ಷಿಸುವುದು? ಈಗ ನಮಾಝ್ ಕಲಿಸುವಾಗ, ಮಕ್ಕಳೇ, ಇದು ನಮ್ಮ ಮೊಣಕಾಲಿನ ನೋವು, ನೀವು ಹೀಗೆ ಏಳಬೇಡಿ ಎಂದು ಮೊದಲೇ ಹೇಳುತ್ತೇವೆ. ಇಬ್ಬರು ಇನ್ನೂ ವಾಲಿಕೊಂಡೇ ಏಳುತ್ತಾರೆ.

ಅಬೂ ಕಿಲಾಬಾ ಬೆರಳು ಮಾಡಿ ತೋರಿಸಿದ ಆ ಹಿರಿಯರ ಬಾಲ್ಯದ ಕಥೆಯನ್ನೂ ಬುಖಾರಿ ಉಳಿಸಿಕೊಟ್ಟಿದ್ದಾರೆ. ಅಮ್ರ್ ಬಿನ್ ಸಲಿಮಾರ ಗೋತ್ರ ನೆಲೆಸಿದ್ದದ್ದು ದಾರಿಬದಿಯ ಒಂದು ನೀರಿನ ತಾಣದಲ್ಲಿ. ಹಾದುಹೋಗುವ ಸವಾರರನ್ನು ನಿಲ್ಲಿಸಿ, ಆ ಮನುಷ್ಯ ಏನು ಹೇಳುತ್ತಾರೆ ಎಂದು ಊರವರು ಕೇಳುತ್ತಿದ್ದರು. ಸವಾರರು ತಮಗೆ ನೆನಪಿದ್ದ ಕುರ್‌ಆನ್ ವಚನಗಳನ್ನು ಹೇಳುತ್ತಿದ್ದರು. ಬದಿಯಲ್ಲಿ ನಿಂತಿದ್ದ ಬಾಲಕನ ಎದೆಯಲ್ಲಿ ಅವು ಅಂಟಿಸಿದಂತೆ ಉಳಿಯುತ್ತಿದ್ದವು. ಮಕ್ಕಾ ವಿಜಯದ ನಂತರ ಗೋತ್ರದವರು ಇಸ್ಲಾಮ್ ಸ್ವೀಕರಿಸಿದರು. ಬಾಲಕನ ತಂದೆ ಪ್ರವಾದಿ(ಸ)ರ ಬಳಿ ಹೋಗಿ ಬಂದು, ಕುರ್‌ಆನ್ ಹೆಚ್ಚು ಬಲ್ಲವನು ಇಮಾಮ್ ಆಗಬೇಕು ಎಂಬ ಆದೇಶವನ್ನು ತಂದರು. ಹುಡುಕಿ ನೋಡಿದರೆ ಆ ಬಾಲಕನಿಗಿಂತ ಹೆಚ್ಚು ಬಲ್ಲವರು ಯಾರೂ ಇರಲಿಲ್ಲ. ಆಗ ಅವನಿಗೆ ಆರೋ ಏಳೋ ವರ್ಷ. ಅವನನ್ನೇ ಮುಂದೆ ನಿಲ್ಲಿಸಿದರು.

ಅವನ ಮೈಮೇಲಿದ್ದದ್ದು ಒಂದೇ ಹೊದಿಕೆ. ಸುಜೂದಿಗೆ ಹೋದಾಗ ಅದು ಮೇಲಕ್ಕೆ ಸರಿಯುತ್ತಿತ್ತು. ನಿಮ್ಮ ಕುರ್‌ಆನ್ ಓದುವವನ ಹಿಂಭಾಗವನ್ನು ಮುಚ್ಚಬಾರದೇ ಎಂದು ಗೋತ್ರದ ಒಬ್ಬ ಮಹಿಳೆ ಕೇಳಿಯೇಬಿಟ್ಟರು. ಊರವರು ಬಟ್ಟೆ ಕೊಂಡು ಕತ್ತರಿಸಿ ಅವನಿಗೊಂದು ಅಂಗಿ ಮಾಡಿಸಿಕೊಟ್ಟರು. ಆ ಅಂಗಿಯಿಂದಾದಷ್ಟು ಸಂತೋಷ ತನಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲವೆಂದು ಅಮ್ರ್ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.